ಗೌರಿಯ ಐವತ್ತು ಮೈಲಿ

೧೯೬೩ನೇ ಇಸವಿ ಸೆಪ್ಟೆಂಬರ್ ೮, ಭಾನುವಾರ, ಬೆಳಿಗ್ಗೆ ಆರೂ ಇಪ್ಪತ್ತು. ನನ್ನ ಡೈರಿಯಲ್ಲಿ ಆ ದಿನದ ಮೊದಲ ಸಾಲು ಇಷ್ಟೇ: ‘ಹೆಣ್ಣು ಕುದುರೆ ಒಂದು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಜೀನಿನ ಹೊಟ್ಟೆಪಟ್ಟಿ ಉಜ್ಜಿ ಹುಣ್ಣು. ನಾಡಿ ೪೪.’ ಆಗ ನನಗೆ ಇಪ್ಪತ್ತೊಂದು ವರ್ಷ. ಯಲಹಂಕದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಸೇರಿ ಐದು ತಿಂಗಳಾಗಿತ್ತು. ಎಣಿಸುವ ಚಟ ಅದಕ್ಕೂ ಹಳೆಯದು. ನಮ್ಮ ಮನೆಯ ಹೊಸ್ತಿಲಿನಿಂದ ಆಸ್ಪತ್ರೆಯ ಮೆಟ್ಟಿಲಿಗೆ ೬೧೨ ಹೆಜ್ಜೆ ಎಂದು ಸೇರಿದ ದಿನವೇ ಬರೆದಿಟ್ಟಿದ್ದೆ.

ಆ ಡೈರಿಯನ್ನು ಮತ್ತೆ ತೆಗೆದದ್ದು ಹೋದ ತಿಂಗಳು. ಅಟ್ಟೂರಿಗೆ ದನಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದೆ. ಒಂದು ಮನೆಯ ಹಿತ್ತಿಲಲ್ಲಿ ಕೈ ತೊಳೆಯಲು ಬಗ್ಗಿದಾಗ ಒಳಗಿನಿಂದ ಹುರುಳಿ ಬೇಯುವ ವಾಸನೆ ಬಂತು. ಮನುಷ್ಯರಿಗೆ ಅದು ಸಾರಿನ ವಾಸನೆ. ನನಗೆ ಲಾಯದ ವಾಸನೆ, ಬೆಳಗಿನ ಐದು ಗಂಟೆಯ ವಾಸನೆ. ಹಾಗೆ ನಿಂತಿದ್ದಾಗ ಕಾಲ ಬಳಿ ಇದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಣ್ಣು ಬಿತ್ತು. ಸೋಪಿನ ನೊರೆಯ ಅಡಿಯಲ್ಲಿ ಕೆತ್ತಿದ ಅಂಕಿ ಇತ್ತು: ೨೭. ಬಳ್ಳಾರಿ ರಸ್ತೆಯ ಹಳೆಯ ಮೈಲಿಕಲ್ಲು ಅದು. ರಸ್ತೆ ಕೆಲಸದ ಲಾರಿಯಲ್ಲಿ ಬಂತಂತೆ. ಮನೆಯಾಕೆ, “ಒಳ್ಳೇ ನಯವಾಗೈತೆ ಸ್ವಾಮಿ, ಬೇಕಾ?” ಎಂದು ನಕ್ಕರು. ನಾನು ಬೇಡವೆಂದೆ. ಮನೆಗೆ ಬಂದು ಪೆಟ್ಟಿಗೆಯಿಂದ ೧೯೬೩ರ ಮತ್ತು ೧೯೬೪ರ ಡೈರಿಗಳನ್ನು ಹೊರಗೆ ತೆಗೆದೆ.

ಸೆಪ್ಟೆಂಬರ್ ಎಂಟರಂದು ಆ ಕುದುರೆಯನ್ನು ನಡೆಸಿಕೊಂಡು ಬಂದವರು ದಫೇದಾರ್ ಮಾನೋಜಿರಾಯರು. ಐವತ್ತೆಂಟರ ವಯಸ್ಸು, ಒಣಕಲು ಮೈ, ಬಾಗದ ಬೆನ್ನು. ಸಂಸ್ಥಾನದ ಕಾಲದಲ್ಲಿ ಕುದುರೆ ಪಡೆಯಲ್ಲಿದ್ದವರು. ಪಡೆ ಹೋದ ಮೇಲೆ ಅಟ್ಟೂರಿನ ದ್ರಾಕ್ಷಿ ತೋಟದ ಯಜಮಾನ ಮುನಿವೆಂಕಟಪ್ಪನವರ ಬಳಿ ಈ ಒಂದೇ ಕುದುರೆಯನ್ನು ನೋಡಿಕೊಂಡಿದ್ದರು. ಕುದುರೆಯ ಹೆಸರು ಗೌರಿ. ನಾನು ಅದರ ಮುಂಗಾಲನ್ನು ಹಿಡಿದು ನಾಡಿ ಹುಡುಕುತ್ತಿದ್ದುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಏನ್ ಸ್ವಾಮಿ, ಕಾಲು ಒತ್ತುತಾ ಇದೀರಾ?” ಎಂದರು. “ಇಲ್ಲಿ ನೋಡಿ, ದವಡೆ ಕೆಳಗೆ. ಮೂರು ಬೆರಳು ಸಾಕು. ಹೆಬ್ಬೆಟ್ಟು ಇಡ್ಬೇಡಿ, ನಿಮ್ಮ ನಾಡೀನೇ ಎಣಿಸ್ಕೊಂಡು ಕೂತಿರ್ತೀರಿ.”

ಮೂರು ಬೆರಳಿಟ್ಟೆ. ಚರ್ಮದ ಕೆಳಗೆ ಹುರಿಯಂಥ ನರ ಸಿಕ್ಕಿತು. ನಿಮಿಷಕ್ಕೆ ನಲವತ್ನಾಲ್ಕು. “ಜಾಸ್ತಿ,” ಎಂದರು ದಫೇದಾರರು. “ತಿಂದು ನಿಂತಿರೋ ಕುದುರೆ. ಕೆಲಸ ಕೊಟ್ರೆ ಇಳಿಯುತ್ತೆ.” ಕೆಲಸ ಕೊಟ್ಟರೆ ನಾಡಿ ಏರಬೇಕಲ್ಲವೇ, ಇಳಿಯುವುದು ಹೇಗೆ ಎಂದು ಕೇಳಿದೆ. ಅವರು ನನ್ನ ಜೇಬಿನಲ್ಲಿದ್ದ ಡೈರಿಯನ್ನು ನೋಡಿ, “ಬರ್ಕೊಂಡು ಹೋಗಿ, ಗೊತ್ತಾಗುತ್ತೆ,” ಎಂದರು. ಅಂದಿನಿಂದ ನಾನು ಅವರಿಗೆ ‘ಡೈರಿ ಸಾಹೇಬರು’.

ಕೆಲಸ ಬಂದದ್ದು ಹೆಬ್ಬಾಳದ ಕಡೆಯಿಂದ. ಕೆರೆಯಾಚೆ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಆರು ಕುದುರೆ ಇಟ್ಟುಕೊಂಡು ಸವಾರಿ ಕಲಿಸುವ ಚಿಕ್ಕ ಶಾಲೆ ನಡೆಸುತ್ತಿದ್ದರು. ಸೈನ್ಯದಲ್ಲಿ ಪಶುವೈದ್ಯರಾಗಿದ್ದವರು, ಔಷಧಿಗಾಗಿ ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಒಂದು ದಿನ ಗೌರಿಯ ಹುಣ್ಣು ತೊಳೆಯುತ್ತಿದ್ದಾಗ ಅವರು ಬಂದು ಬೆಂಚಿನ ಮೇಲೆ ಕೂತು ಹೇಳಿದ ಮಾತು ನನಗೆ ಹೊಸದು. ಅಮೆರಿಕದಲ್ಲಿ ಈಗ ಒಂದೇ ದಿನದಲ್ಲಿ ನೂರು ಮೈಲಿ ಕುದುರೆ ಸವಾರಿ ಮಾಡುತ್ತಾರಂತೆ, ಬೆಟ್ಟ ಕಣಿವೆಗಳ ಮೇಲೆ. ದಾರಿಯಲ್ಲಿ ಅಲ್ಲಲ್ಲಿ ವೈದ್ಯರು ನಿಂತಿರುತ್ತಾರೆ. ಕುದುರೆಯ ಎದೆ ತಣ್ಣಗಾಗದಿದ್ದರೆ, ಕಾಲು ಕುಂಟಿದರೆ, ಸವಾರ ಎಷ್ಟೇ ಮುಂದಿದ್ದರೂ ಅಲ್ಲಿಗೇ ನಿಲ್ಲಿಸುತ್ತಾರೆ.

“ಮುಂಚೆ ಹೀಗಿರ್ಲಿಲ್ಲ,” ಎಂದರು ಕರ್ನಲ್. “ಯೂರೋಪಿನಲ್ಲಿ ಒಂದ್ಸಲ ಎರಡು ರಾಜಧಾನಿಗಳ ನಡುವೆ ಸೈನ್ಯದ ಆಫೀಸರುಗಳು ಪಂದ್ಯ ಕಟ್ಟಿ ಓಡಿಸಿದ್ರು. ಗೆದ್ದವನ ಕುದುರೇನೇ ಸತ್ತುಹೋಯ್ತು. ಅಂಥಾವೆಲ್ಲ ಆದಮೇಲೆ ಜನಕ್ಕೆ ಬುದ್ಧಿ ಬಂತು. ಮೊದಲು ಬಂದೋನು ಯಾರು ಅನ್ನೋದು ಮುಖ್ಯ ಅಲ್ಲ, ಬಂದಮೇಲೂ ಇನ್ನೊಂದಷ್ಟು ದೂರ ಹೋಗೋ ಹಾಗಿರೋ ಕುದುರೆ ಯಾವುದು ಅನ್ನೋದು ಮುಖ್ಯ.”

ದಫೇದಾರರು ತಲೆ ಎತ್ತದೆ, “ನಮ್ಮ ಪಡೇಲಿ ಇದು ಯಾವಾಗ್ಲೂ ಇತ್ತಲ್ಲ ಸಾಬ್,” ಎಂದರು. “ದೂರದ ಸವಾರಿಯಿಂದ ಬಂದಾಗ ರಿಸಾಲ್ದಾರ್ ಮೊದಲು ಕುದುರೆ ಬೆನ್ನು ನೋಡೋರು, ಆಮೇಲೆ ನಮ್ಮ ಮುಖ.”

ಕರ್ನಲ್ ಅವರನ್ನು ದಿಟ್ಟಿಸಿ ನೋಡಿದರು. ಅವರಿಗೆ ಶಾಲೆಗೆ ಒಬ್ಬ ಉಸ್ತಾದ್ ಬೇಕಿತ್ತು, ಇಡೀ ದಿನ ನಡೆಯಬಲ್ಲ ಒಂದು ನಾಡ ಕುದುರೆಯೂ ಬೇಕಿತ್ತು. “ರೇಸ್ ಕೋರ್ಸಲ್ಲಿ ಎರಡು ನಿಮಿಷ ಓಡೋ ಕುದುರೆ ಬೇಕಾದಷ್ಟಿವೆ,” ಎಂದರು. “ನಿನ್ನ ಗೌರಿ ಐವತ್ತು ಮೈಲಿ ಹೋಗ್ತಾಳಾ?”

ಈ ಪ್ರಶ್ನೆ ಬಂದದ್ದು ಸರಿಯಾದ ಹೊತ್ತಿಗೆ. ಮುನಿವೆಂಕಟಪ್ಪನವರು ಆ ತಿಂಗಳು ಮೋಟಾರ್ ಸೈಕಲ್ ಕೊಂಡಿದ್ದರು. ಭಾರಿ ಆಳು, ದೊಡ್ಡ ಮೀಸೆ, ಒಳ್ಳೆಯ ಮನಸ್ಸು. ಆದರೆ ತೋಟ ಸುತ್ತಲು ಇನ್ನು ಅವರಿಗೆ ಕುದುರೆ ಬೇಕಿರಲಿಲ್ಲ. “ಈ ಗಾಡಿ ಉಲ್ಲು ಕೇಳಲ್ಲ, ಲದ್ದೀನೂ ಆಕಲ್ಲ,” ಎಂದು ಸೀಟು ತಟ್ಟಿ ತೋರಿಸಿದ್ದರು. ಯಶವಂತಪುರದಲ್ಲಿ ಅವರ ಬಾಮೈದನ ಜಟಕಾಕ್ಕೆ ಕುದುರೆ ಬೇಕಿತ್ತು. ಸಂಕ್ರಾಂತಿ ಕಳೆದ ಮೇಲೆ ಗೌರಿಯನ್ನು ಕಳಿಸುವುದಾಗಿ ಮಾತು ಕೊಟ್ಟಾಗಿತ್ತು. ಜಟಕಾ ಎಂದರೆ ಕಲ್ಲು ರಸ್ತೆ, ತುಂಬಿದ ಗಾಡಿ, ಬಿಸಿಲಲ್ಲಿ ಕಾಯುವುದು. ಆರು ವರ್ಷದ ಗೌರಿ ಮೂರು ವರ್ಷದಲ್ಲಿ ಮುದುಕಿಯಾಗುತ್ತಾಳೆ ಎಂದು ದಫೇದಾರರು ಹೇಳುತ್ತಿದ್ದರು. ಕರ್ನಲ್ ಸಾಹೇಬರ ಮಾತು ಕೇಳಿ ಯಜಮಾನರು ಸ್ವಲ್ಪ ಯೋಚಿಸಿ ಒಪ್ಪಿದರು: ಐವತ್ತು ಮೈಲಿ ಪರೀಕ್ಷೆ ಪಾಸಾದರೆ ಗೌರಿಯೂ ದಫೇದಾರರೂ ಹೆಬ್ಬಾಳಕ್ಕೆ. ಇಲ್ಲವಾದರೆ ಕೊಟ್ಟ ಮಾತಿನಂತೆ ಗೌರಿ ಯಶವಂತಪುರಕ್ಕೆ.

ಕರ್ನಲ್ ಹಾಕಿದ ಷರತ್ತು ಮೂರು. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಹತ್ತನೇ ಮೈಲಿಕಲ್ಲಿನಿಂದ ಹೊರಟು, ಚಿಕ್ಕಬಳ್ಳಾಪುರಕ್ಕೆ ತುಸು ಮುಂಚೆ, ನಂದಿ ಬೆಟ್ಟ ಎಡಕ್ಕೆ ಕಾಣುವ ಮೂವತ್ತೈದನೇ ಕಲ್ಲಿನ ಬಳಿಯ ಬಾವಿ ಮುಟ್ಟಿ ಹಿಂದಕ್ಕೆ. ಬೆಳಿಗ್ಗೆ ಆರೂವರೆಗೆ ಹೊರಟು ಸಂಜೆ ಐದೂವರೆಯೊಳಗೆ ಸೇರಬೇಕು. ಎಲ್ಲ ತಂಗುದಾಣದಲ್ಲೂ, ಕೊನೆಯಲ್ಲೂ, ಬಂದು ಅರ್ಧ ಗಂಟೆಯಾದ ಮೇಲೆ ನಾಡಿ ಅರವತ್ನಾಲ್ಕಕ್ಕೆ ಇಳಿದಿರಬೇಕು. ಇಳಿಯುವ ತನಕ ಮುಂದೆ ಬಿಡುವುದಿಲ್ಲ. ನಾಡಿ ಎಣಿಸುವ ಕೆಲಸ ನನಗೆ ಬಂತು.

ಆ ಮಳೆಗಾಲದ ಕೊನೆಯೂ ಚಳಿಗಾಲದ ಮೊದಲೂ ನನಗೆ ಒಂದೇ ದೀರ್ಘ ಬೆಳಗಿನಂತೆ ನೆನಪಿದೆ. ಅಕ್ಟೋಬರಿನಲ್ಲಿ ಹದಿಮೂರು ದಿನ ಮಳೆ. ನವೆಂಬರಿನಲ್ಲಿ ಕೆರೆಯಿಂದ ಮಂಜೆದ್ದು ರಸ್ತೆ ಬದಿಯ ಹುಣಸೆಮರಗಳ ಬುಡ ಕಾಣುತ್ತಿರಲಿಲ್ಲ. ನಾನು ಐದಕ್ಕೆ ಲಾಯಕ್ಕೆ ಹೋಗುವ ಹೊತ್ತಿಗೆ ಹುರುಳಿ ಬೆಂದಿರುತ್ತಿತ್ತು. ನಾಡಿ ಎಣಿಸಿ ಬರೆಯುತ್ತಿದ್ದೆ. ಅವರು ಹೊರಡುತ್ತಿದ್ದರು, ನಾನು ಸೈಕಲ್ ಮೇಲೆ ಹಿಂದೆ. ನಡಿಗೆಗೂ ನಾಗಾಲೋಟಕ್ಕೂ ನಡುವಿನ ಒಂದು ಕುಕ್ಕುಲೋಟವಿದೆ. ಅವರದನ್ನು ದುಲ್ಕಿ ಎನ್ನುತ್ತಿದ್ದರು. ದೂರದ ದಾರಿ ಮುಗಿಯುವುದು ದುಲ್ಕಿಯಲ್ಲಿಯೇ. ಒಂದಿಷ್ಟು ದುಲ್ಕಿ, ಒಂದಿಷ್ಟು ನಡಿಗೆ, ಏರು ಬಂದರೆ ಇಳಿದು ತಾವೂ ನಡೆಯುವುದು. ಬಿಸಿಯಾದ ಕುದುರೆಗೆ ಒಮ್ಮೆಗೇ ಹೊಟ್ಟೆ ತುಂಬ ನೀರಿಲ್ಲ, ಹತ್ತು ಗುಟುಕು, ಮತ್ತೆ ನಡಿಗೆ, ಮತ್ತೆ ಹತ್ತು ಗುಟುಕು. ಗುಟುಕು ಕಿವಿಯಲ್ಲಿ ಎಣಿಸಬಹುದು, ಪ್ರತಿ ಗುಟುಕಿಗೂ ಕುದುರೆಯ ಕಿವಿ ಒಮ್ಮೆ ಹಿಂದಕ್ಕೆ ಹೋಗುತ್ತದೆ ಎಂದು ತೋರಿಸಿಕೊಟ್ಟರು. ಅದನ್ನೂ ಬರೆದುಕೊಂಡೆ.

ಒಂದು ಪದ್ಧತಿಯನ್ನು ಅವರು ಒಮ್ಮೆಯೂ ತಪ್ಪಲಿಲ್ಲ. ಕೊನೆಯ ಮೈಲಿಯ ಕಲ್ಲು ಬಂದ ಕೂಡಲೇ ಇಳಿಯುತ್ತಿದ್ದರು. ಹೊಟ್ಟೆಪಟ್ಟಿಯನ್ನು ಎರಡು ತೂತು ಸಡಿಲಿಸಿ, ಲಗಾಮು ಕೈಗೆ ಸುತ್ತಿ, ಗೌರಿಯ ಕುತ್ತಿಗೆಯ ಪಕ್ಕದಲ್ಲಿ ನಡೆದು ಬರುತ್ತಿದ್ದರು. ಬೆವರು ಆರುತ್ತದೆ, ಬೆನ್ನಿಗೆ ರಕ್ತ ನಿಧಾನವಾಗಿ ಹರಿಯುತ್ತದೆ, ಲಾಯ ಸೇರುವ ಹೊತ್ತಿಗೆ ಎದೆ ತಣ್ಣಗಾಗಿರುತ್ತದೆ. ಪಡೆಯಲ್ಲಿ ಅದು ಕಟ್ಟಳೆಯಂತೆ. ಹದಿನೇಳು ವಾರದಲ್ಲಿ ಅವರು ಕುದುರೆ ಮೇಲೆ ಕೂತು ಮನೆ ಸೇರಿದ್ದನ್ನು ನಾನು ಕಾಣಲಿಲ್ಲ. “ಆ ಮೈಲಿ ನಿಮ್ಮ ಪಟ್ಟಿಗೆ ಸೇರಿಸ್ಬೇಡಿ ಡೈರಿ ಸಾಹೇಬ್ರೇ,” ಎನ್ನುತ್ತಿದ್ದರು, “ಅದು ಅವಳದಲ್ಲ, ನನ್ನದು.”

ಜನವರಿಯ ಹೊತ್ತಿಗೆ ಒಟ್ಟು ೫೯೬ ಮೈಲಿ ಆಗಿತ್ತು. ನಿಂತಲ್ಲಿ ನಾಡಿ ೩೬ಕ್ಕೆ ಇಳಿದಿತ್ತು. ಅವರು ಹೇಳಿದ್ದು ಅರ್ಥವಾಯಿತು.

ಇಷ್ಟರಲ್ಲಿ ನಾನು ಒಂದು ಪಟ್ಟಿ ಮಾಡಿದ್ದೆ. ಅಭ್ಯಾಸದಲ್ಲಿ ಅವರು ದೇವನಹಳ್ಳಿಯ ತನಕ ಮಾತ್ರ ಹೋಗಿದ್ದರು. ಮುಂದಿನ ದಾರಿ ನೋಡಲು ನವೆಂಬರ್ ೨೪ರ ಭಾನುವಾರ ನಾನು ಸೈಕಲ್ಲಿನಲ್ಲಿ ಬಾವಿಯವರೆಗೂ ಹೋಗಿಬಂದೆ. ಪ್ರತಿ ಮೈಲಿಕಲ್ಲನ್ನೂ ಗುರುತು ಮಾಡಿಕೊಂಡೆ. ಒಂದು ಮೈಲಿಗೆ ಹತ್ತು ನಿಮಿಷ, ದೇವನಹಳ್ಳಿಯಲ್ಲಿ ಹೋಗುವಾಗ ಬರುವಾಗ ಅರ್ಧರ್ಧ ಗಂಟೆ, ಬಾವಿಯ ಬಳಿ ಒಂದು ಗಂಟೆ. ಒಟ್ಟು ಹತ್ತು ಗಂಟೆ ಇಪ್ಪತ್ತು ನಿಮಿಷ. ಕೈಯಲ್ಲಿ ನಲವತ್ತು ನಿಮಿಷ ಉಳಿಯುತ್ತಿತ್ತು.

ದಫೇದಾರರಿಗೆ ಓದು ಬರಹ ಅಷ್ಟಾಗಿ ಇರಲಿಲ್ಲ. ಅವರು ಎಡ ಜೇಬಿನಲ್ಲಿ ಇಪ್ಪತ್ತೈದು ಹುಣಸೆಬೀಜ ಇಟ್ಟುಕೊಂಡು, ಒಂದು ಕಲ್ಲು ದಾಟಿದರೆ ಒಂದು ಬೀಜವನ್ನು ಬಲ ಜೇಬಿಗೆ ಹಾಕುತ್ತಿದ್ದರು. ನಾನು ನನ್ನ ಕೈಗಡಿಯಾರ ಬಿಚ್ಚಿ ಅವರ ಕೈಗೆ ಕಟ್ಟಿದೆ.

“ಕಲ್ಲಿಂದ ಕಲ್ಲಿಗೆ ಹತ್ತು ನಿಮಿಷ,” ಎಂದೆ. “ಅದಕ್ಕಿಂತ ಬೇಗ ಕಲ್ಲು ಬಂದ್ರೆ ಗೌರಿ ಜಾಸ್ತಿ ಓಡ್ತಿದಾಳೆ ಅಂತ ಅರ್ಥ. ಲಗಾಮು ಹಿಡೀಬೇಕು.”

“ನಲವತ್ತು ವರ್ಷ ಕುದುರೆ ಮೇಲೆ ಕೂತೋನಿಗೆ ಗಡಿಯಾರ ಕಟ್ತೀರಾ?” ಎಂದು ನಕ್ಕರು.

“ಕರ್ನಲ್ ಸಾಹೇಬ್ರಿಗೆ ಲೆಕ್ಕ ಬೇಕು,” ಎಂದೆ.

“ಆಯ್ತಪ್ಪಾ. ಕಾಗದ ನಿಮ್ಮದು, ಕುದುರೆ ನನ್ನದು.”

ನವೆಂಬರ್ ೨೪ರ ಪುಟದ ಕೆಳಗೆ ಒಂದು ಸಾಲಿದೆ. ಈಗ ಓದಿದರೂ ಕಿವಿ ಬಿಸಿಯಾಗುತ್ತದೆ. ‘ದೇವನಹಳ್ಳಿ ದಾಟಿದ ಮೇಲೆ ರಸ್ತೆ ಬದಿ ಹೊಸ ಕಲ್ಲುಗಳು, ಮಕಾಡೆ ಮಲಗಿಸಿವೆ. ಹದಿನಾಲ್ಕು.’ ಎಣಿಸಿದ್ದೆ. ಯಾವುದಕ್ಕೆ ಎಂದು ಕೇಳಿರಲಿಲ್ಲ.

೧೯೬೪ ಜನವರಿ ೧೯, ಭಾನುವಾರ. ಆರೂವರೆಗೆ ಸರಿಯಾಗಿ ಗೌರಿ ಹತ್ತನೇ ಕಲ್ಲು ಬಿಟ್ಟಳು. ಮಂಜಿತ್ತು, ಗೊರಸಿನ ಸದ್ದು ಕುದುರೆಗಿಂತ ಹೆಚ್ಚು ಹೊತ್ತು ಕೇಳಿಸಿತು. ಕರ್ನಲ್ ಸಾಹೇಬರ ಕಾರಿನಲ್ಲಿ ನಾವು ದೇವನಹಳ್ಳಿಗೆ ಹೋಗಿ ಕಾದೆವು. ಪಟ್ಟಿಯ ಪ್ರಕಾರ ಎಂಟೂ ಐವತ್ತು. ದಫೇದಾರರು ಬಂದದ್ದು ಎಂಟೂ ಐವತ್ತೊಂದು. ಅರ್ಧ ಗಂಟೆಗೆ ನಾಡಿ ೪೮. ಅವರು ಗಡಿಯಾರ ನೋಡಿ, ನನ್ನ ಕಡೆ ನೋಡಿ, ಹುಬ್ಬು ಏರಿಸಿದರು. “ನಿಮ್ಮ ಕಾಗದ ಜೋರಾಗಿದೆ ಕಣ್ರೀ,” ಎಂದರು. ಆ ಹೊಗಳಿಕೆ ನನಗೆ ಎಷ್ಟು ಹಿಡಿಸಿತೆಂದರೆ ಮುಂದಿನ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಪುಸ್ತಕವಿಟ್ಟು ಹೊಸ ಗೆರೆಗಳನ್ನು ಎಳೆಯುತ್ತಲೇ ಇದ್ದೆ. ಒಮ್ಮೆ ತಲೆ ಎತ್ತಿ ಕಿಟಕಿಯಾಚೆ ನೋಡಿದ್ದರೂ ಸಾಕಿತ್ತು.

ಬಾವಿಯ ಬಳಿ ಹನ್ನೊಂದೂ ಹತ್ತಕ್ಕೆ ಬರಬೇಕಿತ್ತು. ಹನ್ನೊಂದೂವರೆ ಆಯಿತು. ಕರ್ನಲ್ ಹ್ಯಾಟ್ ತೆಗೆದು ಮತ್ತೆ ಹಾಕಿಕೊಂಡರು. ಹನ್ನೊಂದೂ ಐವತ್ತೆರಡಕ್ಕೆ ಗೌರಿ ತಿರುವಿನಲ್ಲಿ ಕಂಡಳು. ನಲವತ್ತೆರಡು ನಿಮಿಷ ತಡ. ಕುಂಟುತ್ತಿರಲಿಲ್ಲ, ಬೆವರೂ ಇಲ್ಲ. ನಾಡಿ ಹಿಡಿದರೆ ಅರ್ಧ ಗಂಟೆ ಬೇಕಾಗಲೇ ಇಲ್ಲ, ಆಗಲೇ ೫೨. “ಇಷ್ಟು ತಡವಾಗಿ ಬಂದ ಕುದುರೆ ಇಷ್ಟು ತಣ್ಣಗೆ ಹೇಗಿದೆ?” ಎಂದರು ಕರ್ನಲ್.

ದಫೇದಾರರು ಬಾವಿಯ ಕಟ್ಟೆಯ ಮೇಲೆ ಕೂತು ಬಲ ಜೇಬನ್ನು ಕಟ್ಟೆಗೆ ಸುರಿದರು. ಇಪ್ಪತ್ತೈದು ಬೀಜ. “ನಾಲ್ಕು ಮೈಲಿ ಹಿಂದೇನೇ ಮುಗಿದು ಹೋಯ್ತು,” ಎಂದರು. “ದೇವನಹಳ್ಳಿ ಬಿಟ್ಟ ಮೇಲೆ ಕಲ್ಲು ಆರೇ ನಿಮಿಷಕ್ಕೆ ಬರೋಕೆ ಶುರುವಾಯ್ತು. ಇವಳಿಗೆ ಏನಾಯ್ತಪ್ಪಾ, ಹಿಂಗೆ ಹಾರ್ತಿದಾಳೆ ಅಂತ ಲಗಾಮು ಹಿಡಿದೆ. ಮತ್ತೆ ಬೇಗ ಬಂತು. ಮತ್ತೆ ಹಿಡಿದೆ. ಕೊನೆಗೆ ನಡಿಗೇಲಿ ಹೋದ್ರೆ ಹತ್ತು ನಿಮಿಷಕ್ಕೆ ಒಂದು ಸರಿ ಹೋಯ್ತು. ಕಲ್ಲೆಲ್ಲ ಬೆಳ್ಳಗೆ ಹೊಸದಾಗಿದ್ವು. ಜನವರಿ ಇಪ್ಪತ್ತಾರು ಬಂತಲ್ಲ, ಸುಣ್ಣ ಬಳಿದಿದಾರೆ ಅಂದ್ಕೊಂಡೆ.”

ಬೀಜ ಮುಗಿದರೂ ಬಾವಿ ಕಾಣದಿದ್ದಾಗ, ರಸ್ತೆಯ ಮೇಲೆ ಹುರುಳಿ ಗಿಡ ಹರಡಿ ಲಾರಿ ಹಾಯಲೆಂದು ಕಾದಿದ್ದ ಒಬ್ಬ ಅಜ್ಜಿಯನ್ನು ಕೇಳಿದರಂತೆ. ಆಕೆ ಹೇಳಿದಳಂತೆ: “ಅವು ಹೊಸ ಕಲ್ಲು ಕಣಪ್ಪ, ಕಿಲೋಮೀಟ್ರು. ಸರ್ಕಾರದೋರು ದೂರಾನೇ ಚಿಕ್ಕದ್ ಮಾಡ್ಬುಟ್ಟವ್ರೆ. ನಮ್ಗೆ ಮಾತ್ರ ನಡೆಯೋದು ಅಷ್ಟೇ ಐತೆ.”

ಕರ್ನಲ್ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಮೈಲಿಯ ಬದಲು ಒಂದು ಕಿಲೋಮೀಟರಿಗೆ ಹತ್ತು ನಿಮಿಷ, ಹನ್ನೊಂದು ಕಲ್ಲು. ಅಲ್ಲೇ ಕೂತು ಲೆಕ್ಕ ಹಾಕಿದೆ. ಕಳೆದುಹೋದದ್ದು ಸರಿಯಾಗಿ ನಲವತ್ತೆರಡು ನಿಮಿಷ. ಕೈಯಲ್ಲಿದ್ದದ್ದು ನಲವತ್ತು.

“ತಪ್ಪು ನಂದು,” ಎಂದೆ.

“ಮೈ ಹೇಳ್ತಾನೇ ಇತ್ತು, ಇದು ಬರೀ ದುಲ್ಕಿ ಕಣೋ, ಬಿಡು ಅಂತ,” ಎಂದರು ದಫೇದಾರರು, ನನಗೆ ಹೇಳುವಂತೆ ಅಲ್ಲ, ಬಾವಿಗೆ ಹೇಳುವಂತೆ. “ಬೆಳಿಗ್ಗೆ ಕಾಗದ ಸರಿ ಇತ್ತಲ್ಲ. ಅದಕ್ಕೇ ಕಾಗದದ ಮಾತು ಕೇಳಿದೆ.” ಆಮೇಲೆ ಬೀಜಗಳನ್ನು ಒಟ್ಟುಗೂಡಿಸಿ ಮತ್ತೆ ಎಡ ಜೇಬಿಗೆ ಹಾಕಿಕೊಂಡರು.

ಹನ್ನೆರಡೂ ಐವತ್ತೆರಡಕ್ಕೆ ಹೊರಟರು. ಕಳೆದ ಹೊತ್ತನ್ನು ಸ್ವಲ್ಪ ಹಿಡಿಯಲು ನೋಡಿದರು. ದೇವನಹಳ್ಳಿಗೆ ಎರಡೂ ಮೂವತ್ನಾಲ್ಕಕ್ಕೇ ಬಂದರು, ಎಂಟು ನಿಮಿಷ ಉಳಿಸಿದ್ದರು. ಆದರೆ ಮಧ್ಯಾಹ್ನದ ಬಿಸಿಲಿಗೆ ಟಾರು ರಸ್ತೆ ಕಾದಿತ್ತು. ಅರ್ಧ ಗಂಟೆಗೆ ನಾಡಿ ೭೦. ಒದ್ದೆ ಗೋಣಿಯಿಂದ ಕುತ್ತಿಗೆ, ತೊಡೆಗಳ ಒಳಭಾಗ ಒರೆಸಿದೆವು. ನಲವತ್ತು ನಿಮಿಷಕ್ಕೆ ೬೬. ದಫೇದಾರರು ಚಕ್ಕೋತದ ತೊಳೆ ಬಿಡಿಸಿ ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು. ನಲವತ್ತೆಂಟು ನಿಮಿಷಕ್ಕೆ ೬೨. ಗಂಟೆ ಮೂರೂ ಇಪ್ಪತ್ತೆರಡು. ಉಳಿದದ್ದು ಹದಿನಾಲ್ಕು ಮೈಲಿ, ೧೨೮ ನಿಮಿಷ.

ಕರ್ನಲ್ ಯಲಹಂಕದ ಹತ್ತನೇ ಕಲ್ಲಿನ ಬಳಿ ಕುರ್ಚಿ ಹಾಕಿ ಕೂತರು. ನನಗೆ ಕೂರಲು ಆಗಲಿಲ್ಲ. ನಡೆದುಕೊಂಡು ಹನ್ನೊಂದನೇ ಕಲ್ಲಿಗೆ ಹೋಗಿ ನಿಂತೆ. ಈ ಕಡೆ ಇನ್ನೂ ಹಳೆಯ ಮೈಲಿಕಲ್ಲುಗಳೇ ಇದ್ದವು. ನನ್ನ ಹಿಂದೆಯೇ ಮುನಿವೆಂಕಟಪ್ಪನವರು ಮೋಟಾರ್ ಸೈಕಲ್ ತಂದು ನಿಲ್ಲಿಸಿದರು. “ಬತ್ತಾನಾ?” ಎಂದರು. ಬರುತ್ತಾರೆ ಎಂದೆ. “ಏನಪ್ಪಾ, ನಂಗೂ ಕೂರಕ್ಕಾಯ್ತಿಲ್ಲ. ಇದೇನ್ ಮಗ್ಳು ಮದ್ವೆನಾ?” ಎಂದು ಮೀಸೆ ತಿರುವುತ್ತ ರಸ್ತೆಯ ಕಡೆ ನೋಡಿದರು.

ಗೌರಿ ಬಂದಾಗ ನನ್ನ ಗಡಿಯಾರವನ್ನು ದಫೇದಾರರ ಕೈಯಲ್ಲೇ ನೋಡಿದೆ. ಐದೂ ಹತ್ತೊಂಬತ್ತು. ಉಳಿದದ್ದು ಒಂದು ಮೈಲಿ, ಹನ್ನೊಂದು ನಿಮಿಷ. ಅವರು ಆ ಹದಿಮೂರು ಮೈಲಿಯನ್ನು ಒಂಬತ್ತು ನಿಮಿಷಕ್ಕೊಂದರಂತೆ ತಂದಿದ್ದರು. ಇದೊಂದನ್ನೂ ಹಾಗೆಯೇ ತಂದರೆ ಎರಡು ನಿಮಿಷ ಮಿಗುತ್ತಿತ್ತು.

ಅವರು ಇಳಿದರು. ಹೊಟ್ಟೆಪಟ್ಟಿಯ ಬಕಲ್‌ಗೆ ಕೈ ಹಾಕಿದರು.

“ದಫೇದಾರ್ರೇ, ಹನ್ನೊಂದು ನಿಮಿಷ ಇದೆ. ದುಲ್ಕೀಲಿ ಒಂಬತ್ತು ಸಾಕು,” ಎಂದೆ.

“ಗೊತ್ತು.”

“ಕುಂತ್ಕಳಯ್ಯಾ ಮೇಲೆ!” ಎಂದು ಯಜಮಾನರು ಕೂಗಿದರು. “ಐವತ್ರಲ್ಲಿ ನಲವತ್ತೊಂಬತ್ತು ಮುಗ್ಸಿ ಈ ಒಂದಕ್ಕೆ ಯಾಕೆ ಅಟ ಮಾಡ್ತೀಯ?”

ದಫೇದಾರರು ನನ್ನ ಕೈ ಹಿಡಿದು ಗೌರಿಯ ದವಡೆಯ ಕೆಳಗೆ ಇಟ್ಟರು. ಎಣಿಸಬೇಕಾಗಿರಲಿಲ್ಲ. ಬೆರಳ ಕೆಳಗೆ ನರ ಕುದಿಯುವ ಪಾತ್ರೆಯ ಮುಚ್ಚಳದಂತೆ ಬಡಿಯುತ್ತಿತ್ತು.

“ದೇವನಹಳ್ಳೀಲಿ ನಲವತ್ತೆಂಟು ನಿಮಿಷ ತಗೊಂಡ್ಳು,” ಎಂದರು. “ಇಲ್ಲಿಂದ ಓಡಿಸ್ಕೊಂಡು ಹೋಗಿ ನಿಲ್ಸಿದ್ರೆ ಅರ್ಧ ಗಂಟೇಲಿ ಅರವತ್ನಾಲ್ಕಕ್ಕೆ ಇಳಿಯಲ್ಲ. ನೀವೇ ಎಣಿಸಿ, ನೀವೇ ಬರೀಬೇಕಾಗುತ್ತೆ, ಗೌರಿ ಎದೆ ಸಾಲ್ದು ಅಂತ. ನಡೆಸ್ಕೊಂಡು ಹೋದ್ರೆ ಇಳಿಯುತ್ತೆ. ಆಗ ಗಡಿಯಾರ ತಡ ಅನ್ನುತ್ತೆ. ಗಡಿಯಾರದಲ್ಲಿ ಸೋತ್ರೆ ನಾನು ಸೋತ ಹಾಗೆ. ಅವಳ ಮೇಲೆ ಯಾಕೆ ಹಾಕ್ಲಿ?”

ಬಕಲ್ ಎರಡು ತೂತು ಸಡಿಲವಾಯಿತು. ಯಜಮಾನರು ಮೋಟಾರ್ ಸೈಕಲ್ ಒದ್ದು ಚಾಲೂ ಮಾಡಿದರು, ಗೌರಿ ಬೆಚ್ಚಿದಳು. ದಫೇದಾರರು ಸುಮ್ಮನೆ ಅವರ ಕಡೆ ನೋಡಿದರು. ಯಜಮಾನರು ಏನೋ ಗೊಣಗಿ ಇಂಜಿನ್ ಆರಿಸಿ, ಇಳಿದು, ಆ ಭಾರದ ಗಾಡಿಯನ್ನು ತಳ್ಳಿಕೊಂಡು ನಮ್ಮ ಹಿಂದೆ ಬಂದರು. ನಾನು ಗೌರಿಯ ಇನ್ನೊಂದು ಪಕ್ಕ ನಡೆದೆ. “ಮಾತಾಡ್ಬೇಡಿ,” ಎಂದರು ದಫೇದಾರರು, “ಉಸಿರು ಎಣಿಸ್ಕೊಂಡು ಬನ್ನಿ.” ಎಣಿಸಿದೆ. ಮೊದಲು ನಿಮಿಷಕ್ಕೆ ಎಷ್ಟೆಂದು ಎಣಿಸುತ್ತಿದ್ದೆ. ಗಡಿಯಾರ ಅವರ ಕೈಯಲ್ಲಿತ್ತು, ಕೇಳಲು ಮನಸ್ಸಾಗಲಿಲ್ಲ. ಆಮೇಲೆ ಹೆಜ್ಜೆಗೆ ಎಷ್ಟೆಂದು ಎಣಿಸಿದೆ. ಎರಡು ಹೆಜ್ಜೆಗೊಂದು ಇದ್ದದ್ದು ನಾಲ್ಕಕ್ಕೊಂದಾಯಿತು, ಆರಕ್ಕೊಂದಾಯಿತು. ಕೆರೆಯ ಮೇಲಿನಿಂದ ಗಾಳಿ ಬಂತು. ಗೌರಿಯ ಕುತ್ತಿಗೆಯ ಬೆವರು ಬೆಳ್ಳಗೆ ಆರಿ ಉಪ್ಪಿನ ಗೆರೆಯಾಗಿತ್ತು. ಹಿಂದೆ ಯಜಮಾನರ ಏದುಸಿರು ಗೌರಿಯದಕ್ಕಿಂತ ಜೋರಾಗಿ ಕೇಳುತ್ತಿತ್ತು.

ಹತ್ತನೇ ಕಲ್ಲು, ಐದೂ ಮೂವತ್ತೊಂಬತ್ತು.

ಕರ್ನಲ್ ಪುಸ್ತಕದಲ್ಲಿ ಬರೆದದ್ದನ್ನು ನಾನು ಹಾಗೆಯೇ ನಕಲು ಮಾಡಿಕೊಂಡಿದ್ದೇನೆ: ‘ಒಂಬತ್ತು ನಿಮಿಷ ತಡ.’ ಆರೂ ಒಂಬತ್ತಕ್ಕೆ ನಾಡಿ ೫೪. ಸಾಹೇಬರು ತಾವೇ ಇನ್ನೊಮ್ಮೆ ಎಣಿಸಿದರು, ೫೪. ಗೌರಿಯನ್ನು ಹೋಗಿ ಬರುವಂತೆ ನಾಲ್ಕು ಸಲ ನಡೆಸಿ ಕಾಲು ನೋಡಿದರು. ನಾನು ಪಟ್ಟಿಯನ್ನು ಮುಂದೆ ಹಿಡಿದೆ.

“ಸಾರ್, ನಲವತ್ತೆರಡು ನಿಮಿಷ ನನ್ನ ತಪ್ಪಿಂದ ಹೋಯ್ತು. ಅದನ್ನ ಕಳೀಬೇಕು ಸಾರ್. ನಾನು ಕಲ್ಲುಗಳನ್ನ ಮತ್ತೆ ನೋಡಿ ಬರ್ಬೇಕಿತ್ತು.”

ಕರ್ನಲ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. “ದಫೇದಾರ್, ನೀನು ಏನಂತೀಯ?” ಎಂದರು.

“ಕಾಗದ ಅವರದು ಸಾಬ್, ಲಗಾಮು ನನ್ನ ಕೈಲಿತ್ತು,” ಎಂದರು ದಫೇದಾರರು. “ಷರತ್ತು ಅಂದ್ರೆ ಷರತ್ತು.”

ಪಡೆಯಲ್ಲಿದ್ದ ಇಬ್ಬರ ನಡುವೆ ಅಲ್ಲಿಗೆ ಮಾತು ಮುಗಿಯಿತು. ಪುಸ್ತಕದಲ್ಲಿದ್ದದ್ದು ಬದಲಾಗಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ನಾನೊಬ್ಬನೇ ಲಾಯಕ್ಕೆ ಹೋಗಿ ನೋಡಿದೆ. ನಾಡಿ ೩೬, ನಾಲ್ಕು ಕಾಲೂ ತಣ್ಣಗೆ, ಹುರುಳಿ ಪೂರಾ ತಿಂದಿದ್ದಳು. ಇದನ್ನು ಯಾರ ಪುಸ್ತಕದಲ್ಲೂ ಬರೆಯಲಿಲ್ಲ, ನನ್ನ ಡೈರಿಯಲ್ಲಿ ಮಾತ್ರ ಇದೆ.

ಮುನಿವೆಂಕಟಪ್ಪನವರು ಎರಡು ವಾರ ಗೌರಿಯನ್ನು ಕಳಿಸಲಿಲ್ಲ. ಬಾಮೈದ ಎರಡು ಸಲ ಬಂದು ಹೋದ. “ಮಾತ್ ಕೊಟ್ಟಾಗೈತೆ, ಏನ್ ಮಾಡ್ಲಿ,” ಎಂದು ಲಾಯದ ಬಾಗಿಲಲ್ಲಿ ನಿಂತು ದಫೇದಾರರಿಗೆ ಹೇಳಿದಾಗ ಅವರ ಧ್ವನಿ ಸಣ್ಣದಾಗಿತ್ತು. ದಫೇದಾರರು ಬಾಣಲೆ ಉಜ್ಜುತ್ತಿದ್ದರು. “ನಿಮ್ಮ ಬಾಮೈದನ್ನ ಒಂದ್ಮಾತು ಕೇಳಿ ಯಜಮಾನ್ರೇ,” ಎಂದರು, “ಗಾಡಿ ಹೊಡೆಯೋರು ಬೇಕಾ ಅಂತ.”

ಫೆಬ್ರವರಿ ೨ರಂದು ಇಬ್ಬರೂ ಯಶವಂತಪುರಕ್ಕೆ ಹೋದರು. ನನ್ನ ಗಡಿಯಾರವನ್ನು ಅಂದೇ ಹಿಂದಿರುಗಿಸಿದರು.

ಮುಂದಿನ ಎರಡು ವರ್ಷಗಳಲ್ಲಿ ನಾನು ಯಶವಂತಪುರ ಸ್ಟೇಷನ್ನಿನ ಜಟಕಾ ಸ್ಟ್ಯಾಂಡಿಗೆ ಹನ್ನೊಂದು ಸಲ ಹೋಗಿದ್ದೇನೆ. ಪ್ರತಿ ಸಲವೂ ನಾಡಿ ನೋಡಿದೆ. ೪೦ ದಾಟಿದ್ದು ಒಮ್ಮೆ ಮಾತ್ರ. ಗಾಡಿಯಲ್ಲಿ ಮೂವರಿಗಿಂತ ಹೆಚ್ಚು ಜನರನ್ನು ಅವರು ಹತ್ತಿಸುತ್ತಿರಲಿಲ್ಲ. ಮಲ್ಲೇಶ್ವರದ ಏರು ಬಂದರೆ, ಇಳಿಯುವ ಮನೆ ಹತ್ತಿರ ಬಂದರೆ, ಗಾಡಿಯಿಂದ ಹಾರಿ ಗೌರಿಯ ಪಕ್ಕ ನಡೆಯುತ್ತಿದ್ದರು. ಒಮ್ಮೆ ನಾನೂ ಗಾಡಿಯಲ್ಲಿದ್ದೆ. ಜೊತೆಗಿದ್ದ ಒಬ್ಬ ದೊಡ್ಡ ಹೆಂಗಸು ರೇಗಿದರು: “ಏನ್ರೀ ಇದು, ನಡ್ಕೊಂಡೇ ಹೋಗೋದಾದ್ರೆ ನಾವ್ಯಾಕೆ ಗಾಡಿ ಹತ್ಬೇಕಿತ್ತು?”

“ನೀವು ಕೂತ್ಕೊಳ್ಳಿ ತಾಯಿ,” ಎಂದರು ದಫೇದಾರರು, “ನಡೀತಿರೋದು ನಾನು ತಾನೇ.”

೧೯೬೬ರ ಜೂನಿನಲ್ಲಿ ಹನ್ನೆರಡನೇ ಸಲ ಹೋದಾಗ ಅವರಿರಲಿಲ್ಲ. ಬಾಮೈದ ಗಾಡಿ ಬಿಟ್ಟು ಬೇರೆ ಕಸುಬು ಹಿಡಿದಿದ್ದ. ಕುದುರೆಯನ್ನು ದಫೇದಾರರಿಗೇ ಬಿಟ್ಟುಕೊಟ್ಟೆ ಎಂದ. ಸ್ಟ್ಯಾಂಡಿನಲ್ಲಿ ಒಬ್ಬರು ತುಮಕೂರು ರಸ್ತೆಯಲ್ಲಿ ಹೋದರೆಂದರು, ಇನ್ನೊಬ್ಬರು ಅಲ್ಲ, ಹೆಬ್ಬಾಳದ ಕಡೆಗೆಂದರು. ಹೆಬ್ಬಾಳದಲ್ಲಿ ಕೇಳಿದೆ. ಕರ್ನಲ್ ಸಾಹೇಬರು ಶಾಲೆ ಮುಚ್ಚಿ ಊರಿಗೆ ಹೋಗಿದ್ದರು. ನಾನು ವಿಚಾರಿಸಿದ ಊರುಗಳ ಪಟ್ಟಿ ಡೈರಿಯಲ್ಲಿದೆ, ಒಟ್ಟು ಒಂಬತ್ತು.

ಅವರಿಗೆ ಸೇರಬೇಕಾದ ಒಂದು ಕಾಗದ ನನ್ನ ಬಳಿ ಉಳಿದಿದೆ. ಆ ಐವತ್ತು ಮೈಲಿಯ ಪಟ್ಟಿಯನ್ನು ಮೊನ್ನೆ ಕೂತು ಕಿಲೋಮೀಟರಿನಲ್ಲಿ ಮತ್ತೆ ಬರೆದಿದ್ದೇನೆ. ಈ ಸಲ ಸೈಕಲ್ಲಿನಲ್ಲಿ ಎರಡು ಬಾರಿ ಹೋಗಿ ಪ್ರತಿ ಕಲ್ಲನ್ನೂ ಮುಟ್ಟಿ ನೋಡಿ ಬರೆದೆ. ಕೊನೆಯ ಮೈಲಿಯನ್ನು ಅವರು ಹೇಳಿದ ಹಾಗೆ ಪಟ್ಟಿಗೆ ಸೇರಿಸಿಲ್ಲ. ಅದಕ್ಕೆಂದು ಇಪ್ಪತ್ತು ನಿಮಿಷ ಬೇರೆಯಾಗಿ ತೆಗೆದಿಟ್ಟಿದ್ದೇನೆ.

ಇದನ್ನು ಓದುವವರಲ್ಲಿ ಯಾರಾದರೂ ಅವರನ್ನು ಕಂಡಿದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಯಾವ ಊರು, ಯಾವ ತಿಂಗಳು ಎಂದಷ್ಟು ತಿಳಿಸಿದರೂ ಸಾಕು. ಗೌರಿಗೆ ಈಗ ಹನ್ನೊಂದು ವರ್ಷ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಎಡಪಕ್ಕೆಯಲ್ಲಿ ಹಳೆಯ ಹುಣ್ಣಿನ ಕಲೆ, ಅದರ ಮೇಲೆ ಕೂದಲು ಬೆಳ್ಳಗೆ ಬೆಳೆದಿದೆ. ದಫೇದಾರರ ಗುರುತು ಹೇಳುವುದು ಕಷ್ಟ, ಒಣಕಲು ಮೈಯ ಮುದುಕರು ಎಲ್ಲ ಊರಲ್ಲೂ ಇರುತ್ತಾರೆ. ಊರು ಇನ್ನೊಂದು ಮೈಲಿ ಇದೆ ಎನ್ನುವಾಗ ಕುದುರೆಯಿಂದ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ಅದರ ಪಕ್ಕ ನಡೆದು ಬರುವವರನ್ನು ಕಂಡರೆ ಅವರೇ.